ರಾಜಕುಮಾರಿಗೆ ಜಿಗಿಯಲು ಬರುವುದಿಲ್ಲವೇ?

ಕಳೆದ ದೀಪಾವಳಿಗೆ ಸೊರಡಿಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ಸಿಕ್ಕಿತು. 1996ರಲ್ಲಿ ಮಗನಿಗೆಂದು ಸಾಂಗ್ಲಿಯಿಂದ ತಂದದ್ದು. ‘ಮಗನಿಗೆಂದು’ ಎಂದು ಬರೆಯುವಾಗಲೇ ಕೈ ತಡೆಯುತ್ತದೆ. ಮಗಳೂ ಆಗ ಮನೆಯಲ್ಲೇ ಇದ್ದಳು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಬ್ಬರು ಹುಡುಗರು ರಿಮೋಟು ಹಿಡಿದು ನಗುತ್ತಿದ್ದಾರೆ. ಕರೆಂಟು ಇರುತ್ತಿದ್ದುದೇ ಸ್ವಲ್ಪ ಹೊತ್ತು. ಅಣ್ಣನ ಪಾಳಿ ಮುಗಿದು ತಂಗಿಯ ಪಾಳಿ ಬರುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಒಂದು ಸಂಜೆ ಅವಳು ಕೇಳಿದ್ದಳು: “ಅವ್ವಾ, ಆ ರಾಜಕುಮಾರಿ ಯಾಕ ಯಾವಾಗಲೂ ದಾರಿ ಕಾಯ್ಕೋಂತ ನಿಂತಿರ್ತಾಳ? ಆಕಿಗೆ ಜಿಗ್ಯಾಕ ಬರೂದಿಲ್ಲೇನು?” ನಾನು ಕೊಟ್ಟ ಉತ್ತರ: “ನಿನಗ್ಯಾಕ ಅದು, ಬಾ, ರೊಟ್ಟಿ ತಿರುವಿ ಹಾಕು.”

ಈ ಸಲ ಅದೇ ಪ್ರಶ್ನೆ ಅಣ್ಣ-ತಂಗಿಯರ ನಡುವೆ ದೊಡ್ಡ ವಾದವೇ ಆಯಿತು. “ಆಗಿನ ಯಂತ್ರದಾಗ ಜಾಗಾನ ಇರಲಿಲ್ಲ, ಕಥಿ ಸಣ್ಣದಿರಬೇಕಾಗಿತ್ತು,” ಎಂದ ಮಗ. ಸುಳ್ಳಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಹಿಡಿದದ್ದು 40 ಕಿಲೋಬೈಟುಗಳಲ್ಲಿ. ಕದ್ದೊಯ್ದ ಹೆಣ್ಣು, ಬಿಡಿಸಿ ತರುವ ಗಂಡು ಎಂದರೆ ಕಥೆ ಎರಡೇ ಸಾಲಿನಲ್ಲಿ ಮುಗಿಯಿತು. 1981ರ ಡಾಂಕಿ ಕಾಂಗ್‌ನಲ್ಲೂ ಹೀಗೆಯೇ. ಮಗಳು ಬಿಡಲಿಲ್ಲ: “ಕದ್ದೊಯ್ದದ್ದು ತಮ್ಮನ್ನ, ಬಿಡಸಾಕ ಹೋದಾಕಿ ಅಕ್ಕ ಅಂದ್ರ ಜಾಗಾ ಹೆಚ್ಚು ಬೇಕಾಗ್ತಿತ್ತೇನಣ್ಣ?” 1988ರಲ್ಲಿ ಅಮೆರಿಕದಲ್ಲಿ ಬಂದ ಎರಡನೆಯ ಮಾರಿಯೋದಲ್ಲಿ ಆಡುವವರು ಅದೇ ರಾಜಕುಮಾರಿಯನ್ನು ಆರಿಸಿಕೊಳ್ಳಬಹುದಿತ್ತು, ಅವಳು ಜಿಗಿಯುವುದಿರಲಿ, ಗಾಳಿಯಲ್ಲಿ ತೇಲುತ್ತಿದ್ದಳು. ಯಂತ್ರ ಮಾತ್ರ ಹಳೆಯದೇ.

ನನಗೆ ಬೇಸರ ತಂದದ್ದು ಇನ್ನೊಂದು ಸಂಗತಿ. 1986ರ ಮೆಟ್ರಾಯ್ಡ್ ಆಟದಲ್ಲಿ ಕವಚ ತೊಟ್ಟ ವೀರ ಹೆಣ್ಣೆಂದು ಕೊನೆಗೆ ತಿಳಿಯುತ್ತದೆ. ಸಂತೋಷ! ಆದರೆ ಆಟ ಬೇಗ ಮುಗಿಸಿದಷ್ಟೂ ಅವಳ ಮೈಮೇಲೆ ಬಟ್ಟೆ ಕಡಿಮೆ. ಗೆದ್ದ ಹುಡುಗನಿಗೆ ಅದೇ ಬಹುಮಾನ. ಅದೇ ವರ್ಷ ನಮ್ಮ ದೇಶದಲ್ಲಿ ಜಾಹೀರಾತು ಮುಂತಾದೆಡೆ ಮಹಿಳೆಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಕಾಯ್ದೆ ಬಂತು.

ಈ ಆಟಗಳು ಮೊದಲಿನಿಂದ ಗಂಡುಮಕ್ಕಳ ಸೊತ್ತೇನೂ ಆಗಿರಲಿಲ್ಲ. 1980ರ ಪ್ಯಾಕ್‌ಮ್ಯಾನ್ ರೂಪಿಸಿದ ತೋರು ಇವಾಟಾನಿ ಹೆಣ್ಣುಮಕ್ಕಳೂ ಬಂದು ಆಡಲೆಂದೇ ಅದನ್ನು ಮಾಡಿದರು. 1982ರ ರಿವರ್ ರೇಡ್ ಬರೆದವರು ಕ್ಯಾರಲ್ ಶಾ ಎಂಬ ಮಹಿಳೆ. ಆದಿನಾಥರು ಸುಂದರಿಗೆ ಅಂಕಗಣಿತ ಕಲಿಸಿದ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನು? 1989ರಲ್ಲಿ ಬಂದ ಪುಟ್ಟ ಯಂತ್ರಕ್ಕೆ ಮಾತ್ರ ಗೇಮ್ ಬಾಯ್ ಎಂದೇ ಹೆಸರು.

“ನಾವು ಆಡಿ ಕೆಟ್ಟೀವೇನು?” ಎಂದು ಮಗ ಕೇಳಿದ. ಕೆಟ್ಟಿಲ್ಲ. ಆದರೆ ಕಂಪ್ಯೂಟರ್ ಕ್ಲಾಸಿನ ಫೀ ಕಟ್ಟುವ ಮಾತು ಬಂದಾಗ ಅವನ ಹೆಸರೊಂದೇ ಬಂತು, ಮಗಳಿಗೆ ಹೊಲಿಗೆ ಕ್ಲಾಸು. ಹಾಗೆ ಮಾಡಿದವಳು ನಾನೇ. ಅಂಗಡಿಯವನೂ ಅಲ್ಲ, ಜಪಾನಿನವರೂ ಅಲ್ಲ. ಮಗಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಅವಳ ಮಗಳು ಈಗ ‘ರಾಜಿ’ ಎಂಬ ಆಟ ಆಡುತ್ತಾಳೆ. ನಮ್ಮ ಪುಣೆಯಲ್ಲೇ ತಯಾರಾಗಿ 2020ರಲ್ಲಿ ಬಂದದ್ದು. ರಾಕ್ಷಸರು ಒಯ್ದ ತಮ್ಮನನ್ನು ಹುಡುಕುತ್ತ ಹೋಗುವ ಹುಡುಗಿಯ ಕಥೆ. ಆದರೂ ಅಜ್ಜಿಯ ಮನೆಯ ಹಳೆಯ ಪೆಟ್ಟಿಗೆಯೂ ಬೇಕಂತೆ. ಅದು ಇನ್ನೂ ನಡೆಯುತ್ತದೆ. ಎರಡನೆಯ ರಿಮೋಟಿನ ವೈರನ್ನು ಮಾತ್ರ ಇಲಿ ಕಡಿದಿದೆ. ಬೆಸುಗೆ ಹಾಕಿಸಲು ಮಗ ಜತ್ತಕ್ಕೆ ಒಯ್ದಿದ್ದಾನೆ.