ನಗರದ ಅಂಚಿನಲ್ಲೊಂದು ಬಿಡಾರ

ಹಗಲೆಲ್ಲ ಮಹಾದೇವಾಲಯದಲ್ಲಿ ಬೋಧಿಸುತ್ತಿದ್ದ ಯೇಸುಸ್ವಾಮಿ ಇರುಳಾದೊಡನೆ ಜೆರುಸಲೇಮಿನಿಂದ ಹೊರಟು ಓಲಿವ್ ಗುಡ್ಡದಲ್ಲಿ ತಂಗುತ್ತಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ಪಾಸ್ಕ ಹಬ್ಬಕ್ಕೆ ಕಿಕ್ಕಿರಿಯುತ್ತಿದ್ದ ಆ ನಗರದಿಂದ ಸುಮಾರು 3 ಕಿಲೋಮೀಟರ್ ದೂರದ ಬೆಥಾನಿಯವೂ ಅವರಿಗೆ ಆಸರೆಯಾಗಿತ್ತು. ರೋಮ್ ನಗರದ ಅಂಚಿನ ತೋರ್ ವೆರ್ಗಾತ ಬಯಲಿನಲ್ಲಿ 2000 ಮತ್ತು 2025ರ ಜುಬಿಲಿ ವರ್ಷಗಳಲ್ಲಿ ಲಕ್ಷಾಂತರ ಯುವಜನರು ಬಿಡಾರ ಹೂಡಿ ರಾತ್ರಿ ಕಳೆದರು.

ನಮ್ಮ ಬೆಂಗಳೂರಿಗೂ ಇಂಥ ದಿನಗಳುಂಟು. ಆಗಸ್ಟ್ 29ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಧ್ವಜವೇರಿದರೆ, ಸೆಪ್ಟೆಂಬರ್ 8ರ ಮಾತೆಯ ಜನ್ಮೋತ್ಸವದವರೆಗೆ ಅಲ್ಲಿ ಜನಸಾಗರ. ಹಸುಗೂಸು, ವೃದ್ಧರೊಡನೆ ಬರುವ ಬಡ ಕುಟುಂಬ ವಸತಿಗೃಹದ ಬಾಡಿಗೆ ತೆರಲಾರದೆ ಯಾತ್ರೆಯನ್ನೇ ಕೈಬಿಡುವುದುಂಟು.

ಹಿಂದೂಪುರದ ಕಡೆಯವರಿಗೆ ಗೌರಿಬಿದನೂರು, ಮದನಪಲ್ಲಿಯ ಕಡೆಯವರಿಗೆ ಚಿಂತಾಮಣಿ ದಾರಿಯಲ್ಲೇ ಸಿಗುವ ಊರುಗಳು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಒಂದೇ ರೈಲುಹಳಿ ಬೆಂಗಳೂರಿಗೆ ಬೆಸೆದಿದೆ, ಗೌರಿಬಿದನೂರಿಗೂ ರೈಲುಂಟು. ದಂಡು ನಿಲ್ದಾಣದಿಂದ ಬಸಿಲಿಕ ದೂರವಿಲ್ಲ. ಮುಂಜಾನೆ ಹೊರಟವರು ಬಲಿಪೂಜೆ, ನವದಿನ ಪ್ರಾರ್ಥನೆಗಳಲ್ಲಿ ಪಾಲ್ಗೊಂಡು ರಾತ್ರಿಗೆ ಮರಳಬಹುದು.

ಆದುದರಿಂದ ನಾವು ಈ ನಾಲ್ಕು ಪಟ್ಟಣಗಳ ಪೂಜ್ಯ ಗುರುಗಳಲ್ಲಿಯೂ ಭಕ್ತಾದಿಗಳಲ್ಲಿಯೂ ವಿನಂತಿಸುತ್ತೇವೆ: ದೇವಾಲಯದ ಅಂಗಳದಲ್ಲಿ ಕೆಲವು ಗುಡಾರಗಳಿಗೆ ಎಡೆ ದೊರೆಯಲಿ. ಅದು ಮಳೆಗಾಲವಾದ್ದರಿಂದ ಎತ್ತರದ ನೆಲವನ್ನೇ ಆರಿಸಿ, ನೀರು ಹರಿದುಹೋಗಲು ಸುತ್ತ ಕಾಲುವೆ ತೋಡಬೇಕು. ಕುಡಿಯುವ ನೀರು, ಶೌಚಾಲಯ, ರಾತ್ರಿಯ ದೀಪ, ಇಷ್ಟಿದ್ದರೆ ತಾಯಂದಿರು ನಿಶ್ಚಿಂತೆಯಿಂದ ನಿದ್ರಿಸುವರು. ಬೆಥಾನಿಯದ ಮಾರ್ತಳಂತೆ ಪ್ರಭುವನ್ನು ಬರಮಾಡಿಕೊಳ್ಳುವ ಭಾಗ್ಯ ಈ ಸೆಪ್ಟೆಂಬರಿನಲ್ಲಿ ನಮ್ಮದಾಗಲಿ.