ಡಬ್ಬಿ ಮೇಲೆ 255 ಅಂತಿತ್ತು, ಎಂಜಿನ್‌ಗೆ ಸಿಕ್ಕಿದ್ದೆಷ್ಟು?

ಟರ್ಬೋ ಬಗ್ಗೆ ಮಾಡಿದ ಎಪಿಸೋಡ್ ಆದ ಮೇಲೆ ನನಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಬ್ರೋ, 400 ಎಚ್‌ಪಿ ಮಾಡಬೇಕು, ಯಾವ ಫ್ಯುಯೆಲ್ ಪಂಪ್ ಹಾಕ್ಲಿ?" ಒಂದು ಬ್ರಾಂಡ್ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಬ್ರಾಂಡ್ ಹೆಸರೇ ಉತ್ತರ ಅಂದುಕೊಂಡು ನಾನೂ ನನ್ನ ಗೆಳೆಯನೂ ಸೇರಿ ಒಂದು ಎಂಜಿನ್ ಸುಟ್ಟಿದ್ದೀವಿ. ಹಾಗಾಗಿ ಇವತ್ತು ಅದೇ ಕಥೆ, ಲೆಕ್ಕದ ಸಮೇತ.

ಕಾರು ಮೊದಲ ತಲೆಮಾರಿನ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೋ ಎಂಜಿನ್, ಫ್ಯಾಕ್ಟರಿಯಿಂದ ಬಂದಾಗ 150 ಎಚ್‌ಪಿ. ಗೆಳೆಯ ಅದಕ್ಕೆ ದೊಡ್ಡ ಟರ್ಬೋ, ಫೋರ್ಜ್ಡ್ ರಾಡ್, ದೊಡ್ಡ ಇಂಜೆಕ್ಟರ್, ಬೇರೆ ಇಸಿಯು ಎಲ್ಲ ಹಾಕಿಸಿದ್ದ. ಪಂಪ್ ಲೆಕ್ಕ ಮಾತ್ರ ನನ್ನದು. ನಾನು ಬಿ.ಕಾಂ. ಓದಿದವನು, ಎಕ್ಸೆಲ್ ಶೀಟ್ ಅಂದ್ರೆ ಕೈ ಸುಮ್ಮನಿರಲ್ಲ. "ಮಗಾ, ನಮಗೆ ಗಂಟೆಗೆ 190 ಲೀಟರ್ ಸಾಕು, ವಾಲ್ಬ್ರೋ 255 ಹಾಕು, ಆರಾಮ" ಅಂದೆ. ಹಿಂದಿನ ಸೀಟ್ ಎತ್ತಿ, ಟ್ಯಾಂಕ್ ಮುಚ್ಚಳ ತೆಗೆದು, ಹಳೆ ಪಂಪ್ ಜಾಗದಲ್ಲಿ ಹೊಸದನ್ನು ಕೂರಿಸಿದ್ದಾಯ್ತು. ಕಂಪನಿಯ ಹಳೇ ಕನೆಕ್ಟರನ್ನೇ ಸಿಕ್ಕಿಸಿದ್ದೂ ಆಯ್ತು.

ಚೆನ್ನೈನಲ್ಲಿ ಒಂದು ಟ್ರ್ಯಾಕ್ ಡೇ. ನಾಲ್ಕನೇ ಲ್ಯಾಪ್, ಉದ್ದದ ಸ್ಟ್ರೇಟ್‌ನಲ್ಲಿ ಫುಲ್ ಬೂಸ್ಟ್. ಇದ್ದಕ್ಕಿದ್ದಂತೆ ಎಂಜಿನ್ ದನಿ ಬದಲಾಯ್ತು, ಹಿಂದಿನಿಂದ ನೀಲಿ ಹೊಗೆ. ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ಅಂಚು ಬಾಣಲೆಯಲ್ಲಿ ಬೆಲ್ಲ ಕರಗಿದ ಹಾಗೆ ಕರಗಿತ್ತು. ಡೇಟಾ ಲಾಗ್ ನೋಡಿದ್ರೆ ಗಾಳಿ-ಇಂಧನದ ಅನುಪಾತ 11.8ರಲ್ಲಿ ಇರಬೇಕಾದದ್ದು, 5,800 ಆರ್‌ಪಿಎಂ ದಾಟಿದ ಮೇಲೆ 13.9ಕ್ಕೆ ಏರಿತ್ತು. ಅಂದ್ರೆ ಗಾಳಿ ಬರ್ತಾನೇ ಇದೆ, ಪೆಟ್ರೋಲ್ ಸಾಲ್ತಿಲ್ಲ. ಇದನ್ನೇ ಲೀನ್ ಅನ್ನೋದು. ಬೂಸ್ಟ್ ಇರುವಾಗ ಸಿಲಿಂಡರ್ ಒಳಗಿನ ಬಿಸಿಯನ್ನು ತಗ್ಗಿಸೋ ಕೆಲಸವನ್ನೂ ಹೆಚ್ಚುವರಿ ಪೆಟ್ರೋಲೇ ಮಾಡುತ್ತೆ. ಅದು ಕಡಿಮೆಯಾದ್ರೆ ನಾಕಿಂಗ್ ಶುರುವಾಗುತ್ತೆ. ಅಲ್ಲಿಂದ ಪಿಸ್ಟನ್ ಕರಗೋಕೆ ಕೆಲವೇ ಸೆಕೆಂಡ್ ಸಾಕು.

ಮಜಾ ಏನಂದ್ರೆ, ನನ್ನ 190ರ ಲೆಕ್ಕ ತಪ್ಪಿರಲಿಲ್ಲ. ಅದನ್ನು ಒಮ್ಮೆ ನೋಡಿಬಿಡೋಣ, ನಿಮ್ಮ ಕಾರಿಗೂ ಬೇಕಾಗುತ್ತೆ. ಟರ್ಬೋ ಪೆಟ್ರೋಲ್ ಎಂಜಿನ್ ಫುಲ್ ಲೋಡ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.27 ಕೆಜಿ ಪೆಟ್ರೋಲ್ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. 400 ಎಚ್‌ಪಿಗೆ 108 ಕೆಜಿ. ಒಂದು ಲೀಟರ್ ಪೆಟ್ರೋಲ್ ತೂಕ ಸುಮಾರು 0.745 ಕೆಜಿ, ಹಾಗಾಗಿ 145 ಲೀಟರ್. ಆದರೆ ಈಗ ನಮ್ಮ ಬಂಕ್‌ಗಳಲ್ಲಿ ಸಿಗೋದು ಬಹುತೇಕ ಇ20. ಎಥನಾಲ್‌ಗೆ ಅಷ್ಟೇ ಗಾಳಿಯ ಜೊತೆ ಪೆಟ್ರೋಲಿಗಿಂತ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಆದ್ರೆ ಎಥನಾಲ್‌ಗೆ 9 ಪಾಲು ಮಾತ್ರ. ಇ20ಗೆ ಸುಮಾರು ಶೇ. 8 ಸೇರಿಸಿ, 157 ಆಯ್ತು. ಮೇಲೆ ಶೇ. 20 ಮಾರ್ಜಿನ್. 190ರ ಹತ್ತಿರ ಬಂತು. ಇಲ್ಲಿ ಎಚ್‌ಪಿ ಅಂದ್ರೆ ಎಂಜಿನ್ನಿನದು. ಡೈನೋದಲ್ಲಿ ಬರೋ ಚಕ್ರದ ಎಚ್‌ಪಿ ಹಾಕಿ ಲೆಕ್ಕ ಮಾಡಿದ್ರೆ ಕಡಿಮೆ ಬರುತ್ತೆ, ಮೋಸ ಹೋಗ್ತೀರಾ.

ಡಿಮ್ಯಾಂಡ್ ಸರಿಯಾಗಿತ್ತು. ತಪ್ಪಿದ್ದು ಸಪ್ಲೈ. ಡಬ್ಬಿ ಮೇಲಿನ 255 ಅನ್ನೋದು ಒಂದು ನಿರ್ದಿಷ್ಟ ಒತ್ತಡದಲ್ಲಿ, ಒಂದು ನಿರ್ದಿಷ್ಟ ವೋಲ್ಟೇಜ್‌ನಲ್ಲಿ ಬರೋ ಹರಿವು. ಈ ಎರಡರಲ್ಲಿ ಯಾವುದು ಬದಲಾದ್ರೂ ಆ ನಂಬರ್‌ಗೆ ಅರ್ಥ ಇಲ್ಲ.

ಮನೆ ಸಂಪ್‌ನ ಮೋಟರ್ ನೆನಪು ಮಾಡ್ಕೊಳ್ಳಿ. ಅದೇ ಮೋಟರ್ ನೆಲದ ಮೇಲಿನ ಬಕೆಟ್‌ಗೆ ಗಳಿಗೆಯಲ್ಲಿ ನೀರು ತುಂಬುತ್ತೆ. ಮೂರನೇ ಮಹಡಿ ಓವರ್‌ಹೆಡ್ ಟ್ಯಾಂಕ್‌ಗೆ ಏರಿಸೋಕೆ ಹೇಳಿ, ನಿಧಾನ. ಫ್ಯುಯೆಲ್ ಪಂಪ್‌ಗೆ ಬೂಸ್ಟ್ ಅನ್ನೋದೇ ಆ ಮೂರನೇ ಮಹಡಿ. ಈ ಕಾರಿನಂತಹ ಪೋರ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಇಂಜೆಕ್ಟರ್ ಪೆಟ್ರೋಲ್ ಚಿಮ್ಮೋದು ಇನ್‌ಟೇಕ್ ಒಳಗೆ. ಅಲ್ಲಿ ಟರ್ಬೋದ ಗಾಳಿ ಎದುರಿಂದ ತಳ್ತಾ ಇರುತ್ತೆ. ಆ ತಳ್ಳುವಿಕೆಯನ್ನು ಸರಿದೂಗಿಸೋಕೆ ರೆಗ್ಯುಲೇಟರ್ ಪೆಟ್ರೋಲ್ ಒತ್ತಡವನ್ನೂ ಅಷ್ಟೇ ಏರಿಸುತ್ತೆ. ಮೂಲ ಒತ್ತಡ 3 ಬಾರ್, ಬೂಸ್ಟ್ 1.6 ಬಾರ್, ಒಟ್ಟು 4.6 ಬಾರ್. ನಾನು ನೋಡಬೇಕಿದ್ದದ್ದು ಪಂಪ್ ಚಾರ್ಟ್‌ನಲ್ಲಿ 4.6 ಬಾರ್ ಗೆರೆಯನ್ನು. ನಾನು ನೋಡಿದ್ದು ಡಬ್ಬಿಯನ್ನು.

ಇನ್ನು ಬೇಸಿಗೆಯಲ್ಲಿ ಕರೆಂಟ್ ಲೋ ವೋಲ್ಟೇಜ್ ಇದ್ದಾಗ ಸಂಪ್ ಮೋಟರ್ ಏನು ಮಾಡುತ್ತೆ? ಗುಂಯ್ ಅನ್ನುತ್ತೆ, ನೀರು ಮಾತ್ರ ಮೇಲಕ್ಕೆ ಹತ್ತಲ್ಲ. ನಮ್ಮ ಎಂಜಿನ್ ಕೊಂದದ್ದು ಇದೇ. ಟ್ಯೂನಿಂಗ್ ಮಾಡೋ ಅಣ್ಣ ಒಬ್ಬರು ಮಲ್ಟಿಮೀಟರ್ ತಂದು, ಪಂಪ್‌ಗೆ ಪೂರ್ತಿ ಲೋಡ್ ಕೊಟ್ಟು ಅಳೆದ್ರು. ಬ್ಯಾಟರಿ ಹತ್ತಿರ 13.9 ವೋಲ್ಟ್. ಪಂಪ್ ಕನೆಕ್ಟರ್ ಹತ್ತಿರ 11. "ಪಂಪ್ ಸರಿಯಾಗೇ ಇದೆ ಕಣಪ್ಪಾ, ಅದಕ್ಕೆ ಊಟ ಹಾಕಿಲ್ಲ ನೀವು" ಅಂದ್ರು.

ಹತ್ತನೇ ಕ್ಲಾಸಿನ ಓಮ್ಸ್ ಲಾ ಇದು. ಇಪ್ಪತ್ತು ವರ್ಷ ಹಳೆಯ ವೈರ್, ಕರಿಹಿಡಿದ ಕನೆಕ್ಟರ್, ತುಕ್ಕು ಹಿಡಿದ ಅರ್ತ್ ಪಾಯಿಂಟ್, ಎಲ್ಲ ಸೇರಿ ರೆಸಿಸ್ಟೆನ್ಸ್ ಬರೀ 0.25 ಓಮ್ ಅಂತಿಟ್ಟುಕೊಳ್ಳಿ. ಪಂಪ್ 11 ಆಂಪ್ ಎಳೆದ್ರೆ ದಾರಿಯಲ್ಲೇ ಹತ್ತಿರ ಹತ್ತಿರ 2.8 ವೋಲ್ಟ್ ಸೋರಿಹೋಯ್ತು. ಒತ್ತಡ ಹೆಚ್ಚಾದಷ್ಟೂ ಪಂಪ್ ಹೆಚ್ಚು ಆಂಪ್ ಎಳೆಯುತ್ತೆ. ಅಂದ್ರೆ ಎಂಜಿನ್ನಿಗೆ ಪೆಟ್ರೋಲ್ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ವೋಲ್ಟೇಜ್ ಅತಿ ಹೆಚ್ಚು ಕುಸಿಯುತ್ತೆ. ವರ್ಷದ ಟರ್ನ್‌ಓವರ್ ಕೋಟಿ ಇರಬಹುದು, ಸಂಬಳದ ದಿನ ಅಕೌಂಟಲ್ಲಿ ದುಡ್ಡಿಲ್ಲ ಅಂದ್ರೆ ಏನು ಪ್ರಯೋಜನ? ಊರೊಳಗೆ ಓಡಿಸುವಾಗ ಈ ಸಮಸ್ಯೆ ಕಾಣಲೇ ಇಲ್ಲ, ಯಾಕಂದ್ರೆ ಸಂಬಳದ ದಿನ ಬಂದೇ ಇರಲಿಲ್ಲ.

ಹಾಗಾಗಿ ಪಂಪ್‌ಗೆ ದುಡ್ಡು ಎತ್ತಿಡೋವಾಗಲೇ ವೈರಿಂಗ್‌ಗೂ ಎತ್ತಿಡಿ. ಬ್ಯಾಟರಿಯಿಂದ ನೇರ ದಪ್ಪ ವೈರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಪಂಪ್ ಹತ್ತಿರ ಹೊಸ ರಿಲೇ, ಹೊಸ ಅರ್ತ್. ಆ ರಿಲೇಯನ್ನು ಆನ್ ಮಾಡೋಕೆ ಕಂಪನಿಯ ಹಳೇ ಪಂಪ್ ವೈರನ್ನೇ ಬಳಸಿ. ಕೆಲವರು ಇಗ್ನಿಷನ್‌ಗೆ ನೇರ ಕೊಟ್ಟುಬಿಡ್ತಾರೆ. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತರೂ ಪಂಪ್ ಓಡ್ತಾನೇ ಇರುತ್ತೆ, ಹರಿದ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತೆ. ನೂರಿನ್ನೂರು ರೂಪಾಯಿ ಉಳಿಸೋಕೆ ಯಾರೂ ಆ ಕೆಲಸ ಮಾಡಬೇಡಿ.

"ಹಾಗಾದ್ರೆ ಇರೋದ್ರಲ್ಲೇ ದೊಡ್ಡದು, 450 ಹಾಕಿಬಿಟ್ರೆ?" ಅಂತ ಕೇಳ್ತೀರಾ, ಗೊತ್ತು. ದೊಡ್ಡ ಪಂಪ್ ಹೆಚ್ಚು ಆಂಪ್ ಎಳೆಯುತ್ತೆ, ವೈರಿಂಗ್ ಸಮಸ್ಯೆ ದೊಡ್ಡದಾಗುತ್ತೆ. ಎರಡನೇದು, ಎಂಜಿನ್ನಿಗೆ ಬೇಡವಾದ ಪೆಟ್ರೋಲ್ ರಿಟರ್ನ್ ಪೈಪಲ್ಲಿ ಟ್ಯಾಂಕಿಗೆ ವಾಪಸ್ ಹೋಗಬೇಕು. ಕಂಪನಿಯ ಸಣ್ಣ ರೆಗ್ಯುಲೇಟರ್, ಸಣ್ಣ ಪೈಪ್ ಅಷ್ಟನ್ನು ಬಿಡಲ್ಲ. ಐಡಲ್‌ನಲ್ಲಿ ಒತ್ತಡ ಏರಿ ಕೂರುತ್ತೆ, ಟ್ಯೂನ್ ಹಿಡಿತಕ್ಕೇ ಸಿಗಲ್ಲ. ಮೂರನೇದು ನಮ್ಮ ಬೆಂಗಳೂರಿನವರಿಗೆ: ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತಾಗ ಅದೇ ಪೆಟ್ರೋಲ್ ಎಂಜಿನ್ ತನಕ ಹೋಗಿ ಬಿಸಿಯಾಗಿ ವಾಪಸ್ ಬರ್ತಾ ಇರುತ್ತೆ. ಟ್ಯಾಂಕ್ ಪೂರ್ತಿ ಬಿಸಿ. ಬಿಸಿ ಪೆಟ್ರೋಲಲ್ಲಿ ಆವಿ ಗುಳ್ಳೆ ಬೇಗ ಏಳುತ್ತೆ, ಪಂಪ್ ಗುಳ್ಳೆ ಹೀರಿದ್ರೆ ಒತ್ತಡ ಬೀಳುತ್ತೆ. ಟ್ಯಾಂಕ್ ಒಳಗಿನ ಪಂಪನ್ನು ತಂಪಾಗಿಡೋದೂ ಪೆಟ್ರೋಲೇ, ಹಾಗಾಗಿ ಇಂಥ ಕಾರಲ್ಲಿ ರಿಸರ್ವ್ ತನಕ ಓಡಿಸೋ ಚಾಳಿ ಬಿಡಿ. ಕಾಲು ಟ್ಯಾಂಕಲ್ಲಿ ನಂದಿ ಬೆಟ್ಟದ ತಿರುವಲ್ಲಿ ಹೋದ್ರೆ ಪೆಟ್ರೋಲ್ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಹೀರೋದು ಬೇರೆ.

ಎರಡು ಪಂಪ್ ಹಾಕೋದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. 400 ಎಚ್‌ಪಿ ಸ್ಟ್ರೀಟ್ ಕಾರಿಗೆ ಬೇಡ. ಬೂಸ್ಟ್ ಬಂದಾಗ ಮಾತ್ರ ಎರಡನೇ ಪಂಪ್ ಆನ್ ಆಗೋ ಸೆಟಪ್ ಕಾಗದದ ಮೇಲೆ ಜಾಣತನ. ಆದರೆ ಆ ಪಂಪ್ ಕೆಟ್ಟಿದೆ ಅಂತ ನಿಮಗೆ ಗೊತ್ತಾಗೋದೇ ಫುಲ್ ಬೂಸ್ಟ್‌ನಲ್ಲಿ, ಅಷ್ಟರಲ್ಲಿ ಪಿಸ್ಟನ್ ಹೋಗಿರುತ್ತೆ. 600, 700 ಎಚ್‌ಪಿ ಗುರಿ ಇದ್ರೆ ಬೇರೆ ಮಾತು.

ನಾವು ಎರಡನೇ ಸಲ ಹಾಕಿದ್ದು 340 ಲೀಟರ್ ವರ್ಗದ ಒಂದೇ ಪಂಪ್, ಟ್ಯಾಂಕ್ ಒಳಗೆ. ಹಳೇ 255 ಹೊಸ ವೈರಿಂಗ್ ಜೊತೆ ಪ್ರಾಯಶಃ ಸಾಕಾಗ್ತಿತ್ತು, ಆದರೆ ಒತ್ತಡದಲ್ಲಿ ಮಾರ್ಜಿನ್ ತೀರಾ ತೆಳುವಾಗಿತ್ತು. ಜೊತೆಗೆ ಹೊಂದಿಸಬಹುದಾದ ರೆಗ್ಯುಲೇಟರ್, ದಪ್ಪ ರಿಟರ್ನ್ ಪೈಪ್, ಹೊಸ ಫಿಲ್ಟರ್. ಎಲ್ಲಕ್ಕಿಂತ ಮುಖ್ಯ, ಒಂದು ಫ್ಯುಯೆಲ್ ಪ್ರೆಷರ್ ಸೆನ್ಸರ್. ಬೂಸ್ಟ್ ಏರಿದಷ್ಟು ಒತ್ತಡ ಏರದಿದ್ರೆ ಇಸಿಯು ತಾನೇ ಬೂಸ್ಟ್ ಕಟ್ ಮಾಡುತ್ತೆ. ಮೊದಲ ಸಲ ಇದೊಂದು ಇದ್ದಿದ್ರೆ ಒಂದೂವರೆ ಲಕ್ಷದ ಎಂಜಿನ್ ಬಿಲ್ ಬರ್ತಾನೇ ಇರಲಿಲ್ಲ.

ಟ್ಯಾಂಕ್ ಒಳಗೆ ಪಂಪ್‌ನಿಂದ ಮೇಲಕ್ಕೆ ಹೋಗೋ ನಾಲ್ಕಿಂಚು ರಬ್ಬರ್ ಪೈಪ್ ಬಗ್ಗೆ ಯಾರೂ ಕೇಳಲ್ಲ. ಮಾಮೂಲಿ ಫ್ಯುಯೆಲ್ ಪೈಪಿನ ಒಳಭಾಗ ಮಾತ್ರ ಪೆಟ್ರೋಲ್ ತಡೆಯೋಕೆ ಮಾಡಿರೋದು. ಪೂರ್ತಿ ಮುಳುಗಿಸಿದ್ರೆ ಹೊರಭಾಗ ಉಬ್ಬಿ ಮೆತ್ತಗಾಗಿ ಒಂದು ದಿನ ಬಾಯಿ ಬಿಡುತ್ತೆ. ಮುಳುಗಿಸೋಕೆ ಅಂತಲೇ ಇರೋ ಪೈಪ್ ಬೇಕು, ಮೇಲೆ ಎಸ್‌ಎಇ ಜೆ30ಆರ್10 ಅಂತ ಬರೆದಿರುತ್ತೆ. ಬೆಲೆ ಕೇಳಿದ್ರೆ ತಲೆ ತಿರುಗುತ್ತೆ, ಕೊಡಿ. ಅಗ್ಗಕ್ಕೆ ಸಿಗೋ ಪಂಪ್ ಮಾತ್ರ ಬೇಡ. ವಾಲ್ಬ್ರೋ ನಕಲಿಗಳು ಮಾರ್ಕೆಟ್‌ನಲ್ಲಿ ತುಂಬಾ ಇವೆ. ಅಸಲಿಯಲ್ಲೂ 255 ಹೆಸರಲ್ಲೇ ಸಾಮಾನ್ಯ ಒತ್ತಡದ್ದು, ಹೆಚ್ಚು ಒತ್ತಡದ್ದು ಅಂತ ಬೇರೆ ಬೇರೆ ಬರುತ್ತೆ. ಬೂಸ್ಟ್ ಇದ್ರೆ ಎರಡನೇದನ್ನೇ ಕೇಳಿ ತಗೊಳ್ಳಿ.

ಪೋಲೋ ಜಿಟಿ ಟಿಎಸ್‌ಐ, ಆಕ್ಟೇವಿಯಾ ಆರ್‌ಎಸ್ 230 ಇರೋರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಅವು ಡೈರೆಕ್ಟ್ ಇಂಜೆಕ್ಷನ್. ಟ್ಯಾಂಕ್ ಪಂಪ್ ಬರೀ ಸಪ್ಲೈಯರ್, ಎಂಜಿನ್ ಮೇಲೆ ಕ್ಯಾಮ್‌ಶಾಫ್ಟ್ ಓಡಿಸೋ ಇನ್ನೊಂದು ಹೈ ಪ್ರೆಷರ್ ಪಂಪ್ ಇರುತ್ತೆ. ಯಾವುದು ಸೋಲ್ತಿದೆ ಅಂತ ಲಾಗ್ ನೋಡಿ ತಿಳ್ಕೊಂಡ ಮೇಲೇ ದುಡ್ಡು ಬಿಚ್ಚಿ.

ಇನ್ನೊಂದು, ಹೇಳದೇ ಇದ್ರೆ ತಪ್ಪಾಗುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ರಸ್ತೆಯಲ್ಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕ್ಲೇಮ್ ಕೈಬಿಟ್ಟು ಹೋಗಬಹುದು. ಗೆಳೆಯನ ಕಾರು ಈಗ ಟ್ರ್ಯಾಕಿಗೆ ಟ್ರಕ್ ಮೇಲೆ ಹೋಗುತ್ತೆ, ಟ್ರಕ್ ಮೇಲೇ ಬರುತ್ತೆ. ಸ್ಟ್ರೀಟ್ ಕಾರ್ ಅಂತ ಶುರು ಮಾಡಿದ್ದು ಹೀಗಾಯ್ತಲ್ಲ ಅಂತ ಅವನಿಗೆ ಬೇಜಾರಿದೆ.

ಹೋದ ತಿಂಗಳು ಮತ್ತೆ ಅಳೆದ್ವಿ. ಫುಲ್ ಲೋಡ್‌ನಲ್ಲಿ ಪಂಪ್ ಹತ್ತಿರ 13.4 ವೋಲ್ಟ್, ರೈಲ್‌ನಲ್ಲಿ 4.6 ಬಾರ್, ಮುಳ್ಳು ಅಲ್ಲಾಡಲಿಲ್ಲ. ನಿಮ್ಮ ಕಾರಲ್ಲಿ ಪಂಪ್ ಬದಲಾಯಿಸೋ ಮೊದಲು ಇದೇ ಎರಡು ಅಳತೆ ತೆಗೆದು, ಕಾರಿನ ಹೆಸರಿನ ಜೊತೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಅದರಲ್ಲಿ ಒಂದನ್ನು ಎತ್ತಿಕೊಂಡು ಲೆಕ್ಕ ಹಾಕೋಣ.