21 ಗೇರೋ, 11 ಗೇರೋ?

21 ಗೇರಿನ ಸೈಕಲ್ ಮೇಲೋ,
11 ಗೇರಿನದು ಮೇಲೋ?
ಅಂಗಡಿಯಲ್ಲಿ ಎಲ್ಲರ ಕಣ್ಣು 21ರ ಮೇಲೇ.

ಹಲ್ಲುಚಕ್ರದ ಹಲ್ಲು ಎಣಿಸಿ ನೋಡಿ.
ಸಾಮಾನ್ಯ 21 ಗೇರಿನಲ್ಲಿ ಅತಿ ಹಗುರ ಜೋಡಿ:
ಮುಂದೆ 24 ಹಲ್ಲು, ಹಿಂದೆ 28.
11 ಗೇರಿನ ಮೌಂಟನ್ ಬೈಕಿನಲ್ಲಿ
ಮುಂದೆ 32, ಹಿಂದೆ 51 ಇರುವುದುಂಟು.
ಪೆಡಲ್ ಒಂದು ಸುತ್ತು ತಿರುಗಿದರೆ
ಮೊದಲನೆಯದರ ಚಕ್ರ ಮುಕ್ಕಾಲು ಸುತ್ತಿಗಿಂತ ಹೆಚ್ಚು,
ಎರಡನೆಯದರದು ಮುಕ್ಕಾಲಿಗಿಂತ ಕಮ್ಮಿ.
ಏರಿನಲ್ಲಿ ಕಾಲಿಗೆ ಹಗುರ, ಎರಡನೆಯದೇ!

ಗೇರಾಯಿತು, ದಾರಿಯನ್ನೂ ನೋಡಿ.
ಸೊಲ್ಲಾಪುರದಿಂದ ಅಕ್ಕಲಕೋಟೆ ಸುಮಾರು 40 ಕಿಲೋಮೀಟರ್.
ಡಾಂಬರಿನ ಮೇಲೆ ಯಾವ ಸೈಕಲ್ಲಾದರೂ ನಡೆದೀತು.
ಹೊಲದ ದಾರಿಗೆ ಇಳಿದರೆ? ಎರೆಮಣ್ಣು.
ಮಳೆ ಬಿತ್ತೆಂದರೆ,
ರೊಟ್ಟಿಗೆ ನಾದಿದ ಜೋಳದ ಹಿಟ್ಟು ಕೈಗೆ ಮೆತ್ತಿದ ಹಾಗೆ
ಟೈರಿಗೆ ಮೆತ್ತುತ್ತದೆ.
ಅದಕ್ಕೇ ಟೈರಿಗೂ ಫ್ರೇಮಿಗೂ ನಡುವಿನ ಸಂದು ನೋಡಿ.
ಮುಂದೆ ಒಂದೇ ಹಲ್ಲುಚಕ್ರ ಇದ್ದರೆ
ಕೆಸರು ಸಿಕ್ಕಿಕೊಳ್ಳುವ ಜಾಗವೂ ಕಮ್ಮಿ.

ಇನ್ನು ಫೋರ್ಕ್, ಮುಂದಿನ ಚಕ್ರ ಹಿಡಿಯುವ ಕವಲು.
ಹಾರ್ಡ್‌ಟೇಲ್ ಅಂದರೆ ಹಿಂದೆ ಶಾಕ್ ಇಲ್ಲ,
ಮುಂದೆ ಮಾತ್ರ.
ಸ್ಪ್ರಿಂಗ್ ಫೋರ್ಕ್ ಅಗ್ಗ, ಆದರೆ ಭಾರ.
ಏರ್ ಫೋರ್ಕಿಗೆ ಸವಾರರ ತೂಕ ನೋಡಿ ಗಾಳಿ ತುಂಬಬಹುದು.

ಬ್ರೇಕ್? ಡಿಸ್ಕಿನಲ್ಲಿ ಎರಡು ಬಗೆ.
ಕೇಬಲ್ಲಿನದು ಊರಲ್ಲೇ ರಿಪೇರಿ ಆದೀತು.
ಹೈಡ್ರಾಲಿಕ್‌ಗೆ ಒಂದು ಬೆರಳು ಸಾಕು,
ಆದರೆ ಎಣ್ಣೆ ಬದಲಿಸಲು ಬಲ್ಲವರು ಬೇಕು.

ಅಂಗಡಿಯಲ್ಲಿ ಸೀಟಿನ ಮೇಲೆ ಕೂತು,
ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಒತ್ತಿ.
ಫೋರ್ಕ್ ಮೆಲ್ಲಗೆ ಇಳಿದು ಮೇಲೆ ಬಂತಾ?
ಆಮೇಲೆ ಬೆಲೆ ಕೇಳಿ.